ಕ್ಲಚ್: ಒಂದು ಪ್ಲೇಟ್ ಸಾಕೆ, ಹಲವು ಬೇಕೆ?

ಬಳ್ಳಾರಿ: ನಗರದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿರುವ ಸಂಗನಕಲ್ಲಿನ ಗುಡ್ಡಗಳು ನವಶಿಲಾಯುಗದ ಕಲ್ಲುಕೊಡಲಿಗಳ ಕಾರ್ಯಾಗಾರವೆಂದು ಪ್ರಸಿದ್ಧವಾಗಿವೆ. 19ನೆಯ ಶತಮಾನದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರ ಗಮನ ಸೆಳೆದ ಈ ನೆಲೆಯಲ್ಲಿ ಅಂದಿನ ಜನರು ಕಪ್ಪು ಡೋಲರೈಟ್ ಶಿಲೆಯನ್ನು ಒಡೆದು, ಗ್ರಾನೈಟ್ ಬಂಡೆಗಳ ಮೇಲೆ ಉಜ್ಜಿ ನಯಗೊಳಿಸುತ್ತಿದ್ದರು. ಹಾಗೆ ಉಜ್ಜಿ ಉಜ್ಜಿ ಉಂಟಾದ ನುಣುಪಾದ ತೋಡುಗಳನ್ನು ಇಂದಿಗೂ ಅಲ್ಲಿ ಕಾಣಬಹುದು. ಎರಡು ಮೇಲ್ಮೈಗಳನ್ನು ಒತ್ತಿಹಿಡಿದು ಉಜ್ಜಿದಾಗ ಮೂರು ಸಂಗತಿಗಳು ಘಟಿಸುತ್ತವೆ. ಒಂದು ಮೇಲ್ಮೈ ಇನ್ನೊಂದನ್ನು ಹಿಡಿಯುತ್ತದೆ, ಎರಡೂ ಸವೆಯುತ್ತವೆ, ಎರಡೂ ಬಿಸಿಯಾಗುತ್ತವೆ.

ಹಿಡಿತ, ಸವೆತ ಮತ್ತು ಶಾಖ ಎಂಬ ಈ ಮೂರೇ ಸಂಗತಿಗಳ ಮೇಲೆ, ಇಂದು ಅದೇ ಗುಡ್ಡಗಳ ಆಸುಪಾಸಿನ ರಸ್ತೆಗಳಲ್ಲಿ ಸಾಗುವ ಕಾರು, ಲಾರಿ, ಟ್ರ್ಯಾಕ್ಟರ್ ಹಾಗೂ ಮೋಟಾರ್ ಸೈಕಲ್‌ಗಳ ಒಂದು ಮುಖ್ಯ ಅಂಗ ನಿಂತಿದೆ. ಅದೇ ಕ್ಲಚ್. ಕಾರಿನ ಕ್ಲಚ್ ಸುಟ್ಟುಹೋಗಿ ಗ್ಯಾರೇಜಿಗೆ ಹೋದವರಲ್ಲಿ ಅನೇಕರು ಒಂದು ಪ್ರಶ್ನೆಯೊಂದಿಗೆ ಹಿಂದಿರುಗುತ್ತಾರೆ. ನೂರು ಸಿಸಿಯ ಬೈಕಿಗೇ ನಾಲ್ಕೈದು ಕ್ಲಚ್ ಪ್ಲೇಟ್‌ಗಳಿರುವಾಗ, ಅದಕ್ಕಿಂತ ಹತ್ತು ಪಟ್ಟು ಭಾರದ ಕಾರಿಗೆ ಒಂದೇ ಪ್ಲೇಟ್ ಏಕೆ? ಹೆಚ್ಚು ಪ್ಲೇಟ್‌ಗಳಿದ್ದರೆ ಕ್ಲಚ್ ಹೆಚ್ಚು ಕಾಲ ಬಾಳುತ್ತಿರಲಿಲ್ಲವೆ? ಪ್ರಶ್ನೆ ಸಹಜವಾದುದೇ. ಆದರೆ ಪ್ಲೇಟ್‌ಗಳ ಸಂಖ್ಯೆ ಗುಣಮಟ್ಟದ ಅಳತೆಗೋಲಲ್ಲ. ಅದು ಮುಖ್ಯವಾಗಿ ಸ್ಥಳಾವಕಾಶದ ಲೆಕ್ಕಾಚಾರ. ಕ್ಲಚ್ಚಿನ ಆಯಸ್ಸನ್ನು ನಿರ್ಧರಿಸುವುದು ಶಾಖ, ಮತ್ತು ಆ ಶಾಖ ಬಹುಮಟ್ಟಿಗೆ ಚಾಲಕರ ಕಾಲಿನಲ್ಲೇ ಇದೆ.

ಕ್ಲಚ್ ಮಾಡುವ ಕೆಲಸ

ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ ನಿಂತ ಸ್ಥಿತಿಯಲ್ಲಿ ಯಾವ ಬಲವನ್ನೂ ನೀಡಲಾರದು. ಅದು ನಿಮಿಷಕ್ಕೆ ಕೆಲವು ನೂರು ಸುತ್ತುಗಳ ವೇಗದಲ್ಲಾದರೂ ತಿರುಗುತ್ತಿರಲೇಬೇಕು. ಆದರೆ ನಿಂತ ಕಾರಿನ ಚಕ್ರಗಳು ತಿರುಗುತ್ತಿರುವುದಿಲ್ಲ. ತಿರುಗುತ್ತಿರುವ ಎಂಜಿನ್ನನ್ನು ನಿಂತಿರುವ ಚಕ್ರಗಳೊಂದಿಗೆ ಎಳೆತವಿಲ್ಲದಂತೆ, ಕ್ರಮಕ್ರಮವಾಗಿ ಜೋಡಿಸುವುದು ಕ್ಲಚ್ಚಿನ ಮೊದಲ ಕೆಲಸ. ಗೇರ್ ಬದಲಿಸುವ ಕ್ಷಣದಲ್ಲಿ ಆ ಜೋಡಣೆಯನ್ನು ಬಿಡಿಸುವುದು ಎರಡನೆಯದು.

ಸಾಮಾನ್ಯ ಕಾರಿನ ಸಿಂಗಲ್ ಪ್ಲೇಟ್ ಕ್ಲಚ್ಚಿನಲ್ಲಿ ಎಂಜಿನ್ನಿನ ಫ್ಲೈವ್ಹೀಲ್ ಮತ್ತು ಪ್ರೆಷರ್ ಪ್ಲೇಟ್ ಎಂಬ ಎರಡು ಎರಕದ ಕಬ್ಬಿಣದ ಮೇಲ್ಮೈಗಳ ನಡುವೆ ಒಂದು ಕ್ಲಚ್ ಪ್ಲೇಟ್ ಇರುತ್ತದೆ. ಅದರ ಎರಡೂ ಬದಿಗೆ ಘರ್ಷಣೆಯ ಲೈನಿಂಗ್ ಕೂರಿಸಲಾಗಿರುತ್ತದೆ. ಡಯಾಫ್ರಂ ಸ್ಪ್ರಿಂಗ್ ಎಂಬ ಬೋಗುಣಿಯಾಕಾರದ ಉಕ್ಕಿನ ಸ್ಪ್ರಿಂಗ್ ಪ್ರೆಷರ್ ಪ್ಲೇಟನ್ನು ಒತ್ತಿಹಿಡಿಯುವುದರಿಂದ ಮೂರೂ ಒಂದಾಗಿ ತಿರುಗುತ್ತವೆ. ಪೆಡಲ್ ಒತ್ತಿದಾಗ ರಿಲೀಸ್ ಬೇರಿಂಗ್ ಆ ಸ್ಪ್ರಿಂಗಿನ ನಡುಭಾಗವನ್ನು ಅದುಮುತ್ತದೆ, ಒತ್ತಡ ಸಡಿಲವಾಗುತ್ತದೆ, ಎಂಜಿನ್ ಹಾಗೂ ಗೇರ್‌ಬಾಕ್ಸ್ ಬೇರೆಯಾಗುತ್ತವೆ. ಇಲ್ಲಿ ಎಣ್ಣೆಗೆ ಜಾಗವಿಲ್ಲ. ಆದ್ದರಿಂದ ಇದನ್ನು ಡ್ರೈ ಕ್ಲಚ್ ಎನ್ನುತ್ತಾರೆ.

ಮಲ್ಟಿ ಪ್ಲೇಟ್ ಕ್ಲಚ್ಚಿನಲ್ಲಿ ಇದೇ ವ್ಯವಸ್ಥೆ ಪದರಪದರವಾಗಿ ಪುನರಾವರ್ತನೆಯಾಗುತ್ತದೆ. ಲೈನಿಂಗ್ ಇರುವ ಒಂದು ಪ್ಲೇಟ್, ಅದರ ಪಕ್ಕದಲ್ಲಿ ಒಂದು ಉಕ್ಕಿನ ಪ್ಲೇಟ್, ಮತ್ತೊಂದು ಲೈನಿಂಗ್ ಪ್ಲೇಟ್, ಹೀಗೆ. ಒಂದು ಬಗೆಯವು ಎಂಜಿನ್ನಿನ ಕಡೆಗೂ ಇನ್ನೊಂದು ಬಗೆಯವು ಗೇರ್‌ಬಾಕ್ಸಿನ ಕಡೆಗೂ ಕಚ್ಚಿಕೊಂಡಿರುತ್ತವೆ. ಇವು ಒಣ ಸ್ಥಿತಿಯಲ್ಲೂ ಕೆಲಸ ಮಾಡಬಲ್ಲವು. ಬೈಕುಗಳಲ್ಲಿರುವಂತೆ ಎಣ್ಣೆಯಲ್ಲಿ ಮುಳುಗಿಯೂ ಇರಬಹುದು.

ಹಿಡಿತದ ಲೆಕ್ಕ

ಪ್ಲೇಟ್‌ಗಳು ಹೆಚ್ಚಿದಂತೆ ಉಜ್ಜುವ ವಿಸ್ತೀರ್ಣ ಹೆಚ್ಚುತ್ತದೆ, ಆದ್ದರಿಂದ ಹಿಡಿತ ಹೆಚ್ಚುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಈ ವಿವರಣೆ ಸರಿಯಲ್ಲ. ಘರ್ಷಣೆಯ ಬಲ ಮುಖ್ಯವಾಗಿ ಅವಲಂಬಿಸಿರುವುದು ಒತ್ತುವ ಬಲವನ್ನೇ ಹೊರತು ವಿಸ್ತೀರ್ಣವನ್ನಲ್ಲ. ನಿಜವಾದ ಕಾರಣ ತಿಳಿಯಬೇಕಾದರೆ ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ಎರಡು ನೋಟ್ ಪುಸ್ತಕಗಳ ಹಾಳೆಗಳನ್ನು ಒಂದರ ನಡುವೆ ಒಂದರಂತೆ ಹೆಣೆದು, ಮೇಲಿನಿಂದ ಕೈಯಿಂದ ಒತ್ತಿಹಿಡಿದು, ಎಳೆದು ಬೇರ್ಪಡಿಸಲು ಯತ್ನಿಸಿ. ಅದು ಬಹುತೇಕ ಅಸಾಧ್ಯವೆನಿಸುತ್ತದೆ. ಮೇಲಿನಿಂದ ಒತ್ತಿದ ಅದೇ ಬಲ ಒಂದು ಹಾಳೆಯಿಂದ ಮತ್ತೊಂದಕ್ಕೆ ಹಾದುಹೋಗುತ್ತಾ ಪ್ರತಿಯೊಂದು ಹಾಳೆಯ ಮೇಲೂ ಪೂರ್ಣವಾಗಿ ಕೆಲಸ ಮಾಡುವುದೇ ಇದಕ್ಕೆ ಕಾರಣ. ಮಲ್ಟಿ ಪ್ಲೇಟ್ ಕ್ಲಚ್ಚಿನಲ್ಲಿಯೂ ನಡೆಯುವುದು ಇದೇ. ಒಂದೇ ಸ್ಪ್ರಿಂಗಿನ ಬಲ ಎಷ್ಟು ಮೇಲ್ಮೈಗಳ ಮೂಲಕ ಹಾದುಹೋಗುತ್ತದೆಯೋ ಅಷ್ಟು ಸಲ ದುಡಿಯುತ್ತದೆ.

ಎಂಜಿನಿಯರುಗಳು ಇದನ್ನು ನಾಲ್ಕು ಅಂಶಗಳ ಗುಣಲಬ್ಧವಾಗಿ ಬರೆಯುತ್ತಾರೆ. ಘರ್ಷಣೆಯ ಮೇಲ್ಮೈಗಳ ಸಂಖ್ಯೆ, ಘರ್ಷಣಾಂಕ, ಸ್ಪ್ರಿಂಗಿನ ಬಲ ಹಾಗೂ ಪ್ಲೇಟಿನ ಸರಾಸರಿ ತ್ರಿಜ್ಯ ಈ ನಾಲ್ಕನ್ನು ಗುಣಿಸಿದರೆ, ಕ್ಲಚ್ ಜಾರದೆ ಸಾಗಿಸಬಲ್ಲ ಟಾರ್ಕ್, ಅಂದರೆ ತಿರುಗುಬಲ ದೊರೆಯುತ್ತದೆ. ಉದಾಹರಣೆಗೆ 200 ಮಿ.ಮೀ. ವ್ಯಾಸದ ಒಂದು ಕ್ಲಚ್ ಪ್ಲೇಟನ್ನು ತೆಗೆದುಕೊಳ್ಳೋಣ. ಅದರ ಸರಾಸರಿ ತ್ರಿಜ್ಯ ಸುಮಾರು 85 ಮಿ.ಮೀ., ಘರ್ಷಣಾಂಕ 0.3, ಸ್ಪ್ರಿಂಗಿನ ಬಲ 4,000 ನ್ಯೂಟನ್ ಎಂದಿಟ್ಟುಕೊಂಡರೆ, ಎರಡು ಮೇಲ್ಮೈಗಳಿಂದ 204 ನ್ಯೂಟನ್ ಮೀಟರ್ ಟಾರ್ಕ್ ಸಾಗಿಸಬಹುದು. 1.2 ಲೀಟರಿನ ಸಾಧಾರಣ ಪೆಟ್ರೋಲ್ ಕಾರಿನ ಎಂಜಿನ್ ನೀಡುವುದು 115 ನ್ಯೂಟನ್ ಮೀಟರ್ ಆಸುಪಾಸು. ಅಂದರೆ ಲೈನಿಂಗ್ ಸವೆದು, ಬಿಸಿಯಾಗಿ ಹಿಡಿತ ಕೊಂಚ ತಗ್ಗಿದರೂ ಸಾಕಾಗುವಷ್ಟು ಮೀಸಲು ಈ ಒಂದೇ ಪ್ಲೇಟಿನಲ್ಲಿದೆ.

ಈಗ ಅದೇ ಪ್ಲೇಟಿನ ವ್ಯಾಸವನ್ನು ಅರ್ಧಕ್ಕೆ ಇಳಿಸಿದರೆ ಸಾಮರ್ಥ್ಯವೂ 102 ನ್ಯೂಟನ್ ಮೀಟರಿಗೆ ಇಳಿದು, ಕ್ಲಚ್ ಜಾರತೊಡಗುತ್ತದೆ. ಅಂತಹ ಎರಡು ಪ್ಲೇಟ್‌ಗಳನ್ನು ಹಾಕಿದರೆ ಮತ್ತೆ 204 ಆಗುತ್ತದೆ. ಮಲ್ಟಿ ಪ್ಲೇಟ್ ಕ್ಲಚ್ಚಿನ ಮರ್ಮ ಇಷ್ಟೇ. ಅಗಲಕ್ಕೆ ಜಾಗವಿಲ್ಲದಾಗ ಅದು ಆಳದಲ್ಲಿ ಜಾಗ ಹುಡುಕುತ್ತದೆ.

ಬೈಕಿನ ಇಕ್ಕಟ್ಟು, ಕಾರಿನ ವಿಶಾಲತೆ

ಮೋಟಾರ್ ಸೈಕಲ್‌ಗಳಲ್ಲಿ ಮಲ್ಟಿ ಪ್ಲೇಟ್ ಏಕೆ ಎಂಬುದು ಈಗ ಸ್ಪಷ್ಟವಾಗುತ್ತದೆ. ಸವಾರನ ಕಾಲುಗಳ ನಡುವಿನ ಇಕ್ಕಟ್ಟಾದ ಎಂಜಿನ್ ಕವಚದಲ್ಲಿ 200 ಮಿ.ಮೀ. ಪ್ಲೇಟ್ ಕೂರಿಸಲು ಸಾಧ್ಯವಿಲ್ಲ. ಎರಡು ಬೆರಳುಗಳಿಂದ ಎಳೆಯುವ ಲಿವರಿನಿಂದ ಬಿಗಿಯಾದ ಸ್ಪ್ರಿಂಗನ್ನು ಅದುಮಲೂ ಆಗದು. ತ್ರಿಜ್ಯವೂ ಕಡಿಮೆ, ಬಲವೂ ಕಡಿಮೆ, ಎಣ್ಣೆಯಲ್ಲಿ ಮುಳುಗಿರುವುದರಿಂದ ಘರ್ಷಣಾಂಕವೂ ಒಣ ಕ್ಲಚ್ಚಿನ ಸುಮಾರು ಮೂರನೆಯ ಒಂದು ಭಾಗಕ್ಕೆ ಇಳಿದಿರುತ್ತದೆ. ಉಳಿದಿರುವ ದಾರಿ ಮೇಲ್ಮೈಗಳ ಸಂಖ್ಯೆಯನ್ನು ಹೆಚ್ಚಿಸುವುದೊಂದೇ.

ಕರ್ನಾಟಕದ ಹಿರಿಯ ಸವಾರರಿಗೆ ಪರಿಚಿತವಾದ ಉದಾಹರಣೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದು. 1961ರಿಂದ 1996ರವರೆಗೆ ಅಲ್ಲಿ ತಯಾರಾದ ಜಾವಾ ಮತ್ತು ಯೆಜ್ಡಿ ಬೈಕುಗಳಲ್ಲಿ ಎಣ್ಣೆಯಲ್ಲಿ ಮುಳುಗಿದ, ಕಾರ್ಕ್ ಲೈನಿಂಗಿನ ಮಲ್ಟಿ ಪ್ಲೇಟ್ ಕ್ಲಚ್ ಇತ್ತು. ಗೇರ್ ಲಿವರನ್ನು ಕಾಲಿನಿಂದ ಒತ್ತಿದಾಗಲೇ ಕ್ಲಚ್ ತಾನಾಗಿ ಬಿಡಿಸಿಕೊಳ್ಳುವ ಏರ್ಪಾಡೂ ಅವುಗಳಲ್ಲಿತ್ತು. ಮುಂಜಾನೆ ಮೊದಲ ಗೇರ್ ಹಾಕಿದಾಗ ಬೈಕ್ ‘ಟಕ್’ ಎಂದು ಮುಂದಕ್ಕೆ ಜಿಗಿಯುವುದು ಅನೇಕರ ಅನುಭವ. ರಾತ್ರಿಯಿಡೀ ನಿಂತ ಬೈಕಿನ ಪ್ಲೇಟ್‌ಗಳು ನಡುವಿನ ತಣ್ಣನೆಯ ಎಣ್ಣೆಯಿಂದ ಒಂದಕ್ಕೊಂದು ಅಂಟಿಕೊಂಡಿರುವುದೇ ಅದಕ್ಕೆ ಕಾರಣ. ಇದು ಎಣ್ಣೆಯ ಮಲ್ಟಿ ಪ್ಲೇಟ್ ಕ್ಲಚ್ಚಿನ ಹುಟ್ಟುದೋಷ. ಲಿವರ್ ಪೂರ್ತಿ ಎಳೆದರೂ ಅಷ್ಟೂ ಪ್ಲೇಟ್‌ಗಳು ಸಂಪೂರ್ಣವಾಗಿ ಬೇರೆಯಾಗುವುದಿಲ್ಲ.

ಕಾರುಗಳ ಇತಿಹಾಸದಲ್ಲಿಯೂ ಇದಕ್ಕೆ ಸಾಕ್ಷ್ಯವಿದೆ. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಎಣ್ಣೆಯಲ್ಲಿ ಮುಳುಗಿದ ಸುಮಾರು ಎರಡು ಡಜನ್ ಉಕ್ಕಿನ ಪ್ಲೇಟ್‌ಗಳ ಕ್ಲಚ್ ಇತ್ತು. ಚಳಿಯಲ್ಲಿ ಎಣ್ಣೆ ಗಟ್ಟಿಯಾದಾಗ, ಹ್ಯಾಂಡಲ್ ತಿರುಗಿಸಿ ಎಂಜಿನ್ ಚಾಲೂ ಮಾಡಿದವರ ಮೇಲೆಯೇ ಕಾರು ನಿಧಾನವಾಗಿ ಮುನ್ನುಗ್ಗುತ್ತಿತ್ತು. ಉತ್ತಮ ಲೈನಿಂಗ್ ಸಾಮಗ್ರಿಗಳು ಬಂದ ಮೇಲೆ ಕಾರುಗಳು ಮಲ್ಟಿ ಪ್ಲೇಟನ್ನು ಬಿಟ್ಟು ಸಿಂಗಲ್ ಪ್ಲೇಟಿಗೆ ಬಂದವು. ಕಾರಿನ ಫ್ಲೈವ್ಹೀಲ್ ಹೇಗೂ ಅಗಲವಾಗಿರುವುದರಿಂದ ಒಂದು ದೊಡ್ಡ ಪ್ಲೇಟಿಗೆ ಅಲ್ಲಿ ಜಾಗವಿದ್ದೇ ಇದೆ. ಎರಡೇ ಮೇಲ್ಮೈಗಳಿರುವುದರಿಂದ ಪೆಡಲ್ ಒತ್ತಿದೊಡನೆ ಅದು ಸ್ವಚ್ಛವಾಗಿ ಬಿಡಿಸಿಕೊಳ್ಳುತ್ತದೆ. ಬಿಡಿಭಾಗಗಳು ಕಡಿಮೆ, ಬೆಲೆ ಕಡಿಮೆ, ದುರಸ್ತಿ ಸುಲಭ.

ಲಾರಿಗಳಲ್ಲಿ ಎರಡು ಉತ್ತರಗಳು

ಬಳ್ಳಾರಿ, ಸಂಡೂರು, ಹೊಸಪೇಟೆಗಳ ರಸ್ತೆಗಳು ಅದಿರು ಲಾರಿಗಳಿಗೆ ಹೆಸರಾದವು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸ್ಥಗಿತಗೊಳಿಸುವ ಮೊದಲು ಅವುಗಳ ಸಾಲು ಕಂಡವರಿಗೆ, ತುಂಬಿದ ಲಾರಿಯೊಂದು ಏರಿನಲ್ಲಿ ನಿಂತು ಹೊರಡುವಾಗ ಬರುವ ಸುಟ್ಟ ವಾಸನೆಯೂ ನೆನಪಿರಬಹುದು. ಅಷ್ಟು ಭಾರಕ್ಕಾದರೂ ಹಲವು ಪ್ಲೇಟ್‌ಗಳು ಬೇಕಲ್ಲವೆ ಎಂಬ ಪ್ರಶ್ನೆಗೆ ಜಗತ್ತಿನಲ್ಲಿ ಎರಡು ಉತ್ತರಗಳಿವೆ. ಯೂರೋಪಿನ ಭಾರಿ ಲಾರಿಗಳಲ್ಲಿ 430 ಮಿ.ಮೀ. ವ್ಯಾಸದ ಒಂದೇ ಪ್ಲೇಟ್ ಸಾಮಾನ್ಯ. ಅಮೆರಿಕದ ಭಾರಿ ಲಾರಿಗಳಲ್ಲಿ ಸುಮಾರು 394 ಮಿ.ಮೀ. ವ್ಯಾಸದ, ಅಂದರೆ ಹದಿನೈದೂವರೆ ಇಂಚಿನ ಎರಡು ಪ್ಲೇಟ್‌ಗಳು ಸಾಮಾನ್ಯ. ಎರಡೂ ಬಗೆಯ ಲಾರಿಗಳು ಹೆಚ್ಚುಕಡಿಮೆ ಒಂದೇ ಬಗೆಯ ಭಾರವನ್ನು ಎಳೆಯುತ್ತವೆ.

ಎರಡು ಪ್ಲೇಟ್‌ಗಳ ಒಣ ಕ್ಲಚ್ಚಿನಲ್ಲಿ ಒಂದು ತೊಡಕು ಇದೆ. ಹೊರಗಿನ ಫ್ಲೈವ್ಹೀಲ್ ಮತ್ತು ಪ್ರೆಷರ್ ಪ್ಲೇಟ್‌ಗಳಿಗೆ ತಾಗಿದ ಶಾಖ ಗಾಳಿಗೆ ಹೋಗಲು ದಾರಿಯಿದೆ. ನಡುವಿನ ಉಕ್ಕಿನ ಪ್ಲೇಟ್ ಎರಡೂ ಬದಿಯಿಂದ ಬಿಸಿಯಾಗುತ್ತದೆ, ತಣಿಯಲು ಮಾತ್ರ ದಾರಿ ಕಡಿಮೆ. ಇದೇ ಕಾರಣಕ್ಕೆ ಒಣ ಕ್ಲಚ್ಚಿನಲ್ಲಿ ಪ್ಲೇಟ್‌ಗಳನ್ನು ಬೇಕೆಂದಷ್ಟು ಏರಿಸಲಾಗದು. ಹೆಚ್ಚು ಪ್ಲೇಟ್ ಬೇಕಾದಲ್ಲಿ ಎಣ್ಣೆ ಬೇಕಾಗುತ್ತದೆ. ಫಾರ್ಮುಲಾ ಒನ್ ರೇಸಿನ ಕಾರುಗಳಲ್ಲಿ ಸುಮಾರು 100 ಮಿ.ಮೀ. ವ್ಯಾಸದ ಒಣ ಮಲ್ಟಿ ಪ್ಲೇಟ್ ಇರುವುದು ನಿಜ. ಆದರೆ ಅವು ಕಾರ್ಬನ್ ಪ್ಲೇಟ್‌ಗಳು. ಎಂಜಿನ್ನನ್ನು ನೆಲಕ್ಕೆ ಸಮೀಪ ಕೂರಿಸಲು ಮತ್ತು ತಿರುಗುವ ಭಾಗಗಳ ಜಡತ್ವ ತಗ್ಗಿಸಲು ಅಲ್ಲಿ ಕ್ಲಚ್ ಚಿಕ್ಕದಾಗಿರಲೇಬೇಕು. ಪೇಟೆಯ ಸಂದಣಿಯಲ್ಲಿ ದಿನಕ್ಕೆ ನೂರಾರು ಬಾರಿ ನಿಂತು ಹೊರಡುವುದು ಅವುಗಳ ಕೆಲಸವಲ್ಲ.

ಸಿರುಗುಪ್ಪ, ಕುರುಗೋಡುಗಳ ಭತ್ತದ ಗದ್ದೆಗಳಲ್ಲಿ ದುಡಿಯುವ ಟ್ರ್ಯಾಕ್ಟರುಗಳಿಂದ ಇನ್ನೊಂದು ಪಾಠ ಕಲಿಯಬಹುದು. ಕೆಸರುಗದ್ದೆ ಹದಗೊಳಿಸುವ ಟ್ರ್ಯಾಕ್ಟರುಗಳಿಗೆ ಎಣ್ಣೆಯಲ್ಲಿ ಮುಳುಗಿದ ಬ್ರೇಕ್‌ಗಳೇ ಉತ್ತಮವೆಂದು ರೈತರು ಬಲ್ಲರು. ಆ ಬ್ರೇಕ್‌ಗಳು ವಾಸ್ತವವಾಗಿ ಮಲ್ಟಿ ಪ್ಲೇಟ್ ಕ್ಲಚ್ಚಿನ ಸೋದರರೇ. ಕೆಸರು ನೀರು ಒಳಹೋಗುವುದಿಲ್ಲ, ಎಣ್ಣೆ ಶಾಖವನ್ನು ಹೊತ್ತೊಯ್ಯುತ್ತದೆ. ಆದರೆ ಟ್ರ್ಯಾಕ್ಟರಿನ ‘ಡ್ಯುಯಲ್ ಕ್ಲಚ್’ ಎಂಬುದು ಮಲ್ಟಿ ಪ್ಲೇಟ್ ಅಲ್ಲ. ಅಲ್ಲಿ ಒಂದು ಪ್ಲೇಟ್ ಚಕ್ರಗಳಿಗೆ, ಮತ್ತೊಂದು ಪಿಟಿಒ ಶಾಫ್ಟಿಗೆ. ಎರಡೂ ಪ್ರತ್ಯೇಕ ಸಿಂಗಲ್ ಪ್ಲೇಟ್ ಕ್ಲಚ್‌ಗಳು.

ಶಾಖದ ಲೆಕ್ಕ

ಈಗ ಮುಖ್ಯ ವಿಷಯಕ್ಕೆ ಬರೋಣ. 1,200 ಕಿಲೋ ತೂಕದ ಕಾರೊಂದು ಸಮತಟ್ಟಾದ ರಸ್ತೆಯಲ್ಲಿ ನಿಂತ ಸ್ಥಿತಿಯಿಂದ ಹೊರಟು ಗಂಟೆಗೆ ಸುಮಾರು 12 ಕಿ.ಮೀ. ವೇಗದಲ್ಲಿ ಕ್ಲಚ್ ಪೂರ್ತಿ ಹಿಡಿಯುವವರೆಗೆ ಸುಮಾರು 6.5 ಕಿಲೋಜೂಲ್ ಶಾಖ ಕ್ಲಚ್ಚಿನಲ್ಲಿ ಉತ್ಪತ್ತಿಯಾಗುತ್ತದೆ. ಇದು ತಪ್ಪಿಸಲಾಗದ ಖರ್ಚು. ಫ್ಲೈವ್ಹೀಲ್ ಮತ್ತು ಪ್ರೆಷರ್ ಪ್ಲೇಟ್‌ಗಳ ದಪ್ಪ ಕಬ್ಬಿಣ ಇದನ್ನು ಸುಲಭವಾಗಿ ಹೀರಿಕೊಳ್ಳುತ್ತದೆ.

ಅದೇ ಕಾರು ಹತ್ತಕ್ಕೆ ಒಂದರಂತೆ ಏರುವ ಮೇಲ್ಸೇತುವೆಯ ಮೇಲೆ ವಾಹನಗಳ ಸಾಲಿನಲ್ಲಿ ನಿಂತಿದೆ ಎನ್ನೋಣ. ಚಾಲಕರು ಬ್ರೇಕ್ ಹಾಕದೆ, ಹಾಫ್ ಕ್ಲಚ್‌ನಲ್ಲಿ ಆಕ್ಸಿಲರೇಟರ್ ಒತ್ತಿ ಕಾರನ್ನು ಹಿಂದಕ್ಕೆ ಜಾರದಂತೆ ಹಿಡಿದಿದ್ದಾರೆ. ಎಂಜಿನ್ ನಿಮಿಷಕ್ಕೆ 1,500 ಸುತ್ತು ತಿರುಗುತ್ತಿದ್ದರೆ, ಸಾಧಾರಣ ಮೊದಲ ಗೇರಿನ ಲೆಕ್ಕದಲ್ಲಿ ಸುಮಾರು 3.8 ಕಿಲೋವ್ಯಾಟ್ ಶಕ್ತಿ ಪೂರ್ತಿಯಾಗಿ ಶಾಖವಾಗಿ ಕ್ಲಚ್ಚಿನೊಳಗೆ ಸೇರುತ್ತದೆ. ಎರಡು ಸ್ನಾನದ ಗೀಸರುಗಳನ್ನು ಆ ಪುಟ್ಟ ಕವಚದೊಳಗೆ ಹಚ್ಚಿಟ್ಟಂತೆ ಇದು. ಒಂದು ನಿಮಿಷ ಹೀಗೆ ನಿಂತರೆ, ಸಮತಟ್ಟಾದ ರಸ್ತೆಯಲ್ಲಿ ಸುಮಾರು 35 ಬಾರಿ ಹೊರಟಷ್ಟು ಶಾಖ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಳ್ಳಾರಿಯ ಬಿಸಿಲಿನಲ್ಲಿ ಅದು ತಣಿಯುವುದು ಇನ್ನೂ ನಿಧಾನ. ಅತಿಯಾಗಿ ಬಿಸಿಯಾದ ಲೈನಿಂಗಿನ ಅಂಟು ಸುಟ್ಟು, ಮೇಲ್ಮೈ ಗಾಜಿನಂತೆ ನುಣುಪಾಗುತ್ತದೆ. ನುಣುಪಾದಂತೆ ಹಿಡಿತ ತಗ್ಗುತ್ತದೆ. ಹಿಡಿತ ತಗ್ಗಿದಂತೆ ಮತ್ತಷ್ಟು ಜಾರಿ, ಮತ್ತಷ್ಟು ಬಿಸಿಯಾಗುತ್ತದೆ. ಕ್ಲಚ್ ಸುಡುವುದು ಹೀಗೆ.

ಇಂತಹ ಸನ್ನಿವೇಶದಲ್ಲಿ ಎರಡನೆಯ ಒಣ ಪ್ಲೇಟ್ ಹೆಚ್ಚು ನೆರವಾಗದು. ಅದೇ 3.8 ಕಿಲೋವ್ಯಾಟ್ ಹೆಚ್ಚು ಮೇಲ್ಮೈಗಳಿಗೆ ಹಂಚಿಹೋಗುತ್ತದೆ ಎಂಬುದು ನಿಜವಾದರೂ, ಉತ್ಪತ್ತಿಯಾದ ಒಟ್ಟು ಶಾಖ ಕಡಿಮೆಯಾಗುವುದಿಲ್ಲ. ನೆರವಾಗಬಲ್ಲದ್ದು ಹರಿಯುವ ಎಣ್ಣೆ. ಆದರೆ ಎಣ್ಣೆಯೂ ಬಿಟ್ಟಿ ಬರುವುದಿಲ್ಲ. ಅದನ್ನು ಹರಿಸಲು ಪಂಪ್, ತಣಿಸಲು ಕೂಲರ್, ಸೋಸಲು ಫಿಲ್ಟರ್ ಬೇಕು. ಪ್ಲೇಟ್‌ಗಳ ನಡುವಿನ ಎಣ್ಣೆಯ ಎಳೆತದಿಂದ ಒಂದಿಷ್ಟು ಇಂಧನವೂ ವ್ಯರ್ಥವಾಗುತ್ತದೆ.

ಆಟೋಮ್ಯಾಟಿಕ್ ಕಾರು ಕೊಳ್ಳುವವರಿಗೆ

ಇಂದು ಕಾರು ಕೊಳ್ಳುವವರ ಮುಂದೆ ಈ ಪ್ರಶ್ನೆ ನೇರವಾಗಿಯೇ ಬರುತ್ತದೆ. 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ನಮ್ಮಲ್ಲಿ ಜನಪ್ರಿಯವಾದ ಎಎಂಟಿ ಕಾರುಗಳಲ್ಲಿ ಇರುವುದು ಅದೇ ಹಳೆಯ ಒಣ ಸಿಂಗಲ್ ಪ್ಲೇಟ್. ಪೆಡಲ್ ಇಲ್ಲ, ಅದರ ಕೆಲಸವನ್ನು ಯಂತ್ರ ಮಾಡುತ್ತದೆ, ಅಷ್ಟೇ. ಕ್ಲಚ್ ಪೆಡಲ್ಲೇ ಇಲ್ಲದ ಮೇಲೆ ಕ್ಲಚ್ ಸುಡುವುದೆಂತು ಎಂದುಕೊಂಡು ಏರಿನಲ್ಲಿ ಆಕ್ಸಿಲರೇಟರ್ ಮೇಲೆಯೇ ಕಾರನ್ನು ನಿಲ್ಲಿಸಿಕೊಳ್ಳುವವರು ಮೇಲಿನ ಲೆಕ್ಕವನ್ನು ಮತ್ತೊಮ್ಮೆ ಗಮನಿಸಬೇಕು.

ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್‌ಗಳಲ್ಲಿ ಎರಡು ಕ್ಲಚ್‌ಗಳಿರುತ್ತವೆ. ಒಂದು 1, 3, 5ರಂತಹ ಬೆಸ ಗೇರ್‌ಗಳಿಗೆ, ಇನ್ನೊಂದು ಸಮ ಗೇರ್‌ಗಳಿಗೆ. ಫೋಕ್ಸ್‌ವ್ಯಾಗನ್ 2003ರಲ್ಲಿ ತಂದ ಆರು ಗೇರ್‌ಗಳ ಮಾದರಿಯಲ್ಲಿ ಅವು ಎಣ್ಣೆಯಲ್ಲಿ ಮುಳುಗಿದ ಮಲ್ಟಿ ಪ್ಲೇಟ್ ಕ್ಲಚ್‌ಗಳು. 2008ರಲ್ಲಿ ಬಂದ ಏಳು ಗೇರ್‌ಗಳ ಮಾದರಿಯಲ್ಲಿ ಎರಡೂ ಒಣ ಸಿಂಗಲ್ ಪ್ಲೇಟ್‌ಗಳು. ಮೊದಲನೆಯದು 350, ಎರಡನೆಯದು 250 ನ್ಯೂಟನ್ ಮೀಟರಿನವರೆಗಿನ ಎಂಜಿನ್‌ಗಳಿಗೆ. ಒಂದೇ ಸಂಸ್ಥೆ ಎರಡನ್ನೂ ತಯಾರಿಸಿತೆಂದರೆ, ಚಿಕ್ಕ ಎಂಜಿನ್ನಿಗೆ ಇಂಧನ ಉಳಿಸುವ ಒಣ ಕ್ಲಚ್, ದೊಡ್ಡದಕ್ಕೆ ಶಾಖ ಸಹಿಸುವ ಎಣ್ಣೆಯ ಕ್ಲಚ್ ಎಂಬ ವಿವೇಚನೆಯೇ ಅದರ ಹಿಂದಿದೆ. ಭಾರತಕ್ಕೆ 2013ರಲ್ಲಿ ಬಂದ ಪೋಲೊ ಜಿಟಿಯಲ್ಲಿ ಇದ್ದುದು ಒಣ ಬಗೆ. 2022ರಲ್ಲಿ ಬಂದ ಟಾಟಾ ಆಲ್ಟ್ರೋಜ್ ಡಿಸಿಎ ಕಾರಿನಲ್ಲಿ ಎಣ್ಣೆಯ ಬಗೆ. ಬೆಂಗಳೂರಿನಂತಹ ನಗರದಲ್ಲಿ ಅಡಿಗಡಿಗೆ ನಿಂತು ತೆವಳುವ ಓಡಾಟವೇ ಹೆಚ್ಚಾಗಿದ್ದರೆ ಎಣ್ಣೆಯ ಬಗೆಗೆ ಅನುಕೂಲ ಹೆಚ್ಚು. ಬಳ್ಳಾರಿಯಿಂದ ಹುಬ್ಬಳ್ಳಿಗೋ ಬೆಂಗಳೂರಿಗೋ ಹೆದ್ದಾರಿಯಲ್ಲೇ ಓಡುವ ಕಾರಿಗೆ ಒಣ ಬಗೆಯೂ ಸಾಕು. ಶೋರೂಮಿನಲ್ಲಿ ಈ ಒಂದು ಪ್ರಶ್ನೆಯನ್ನು ಕೇಳುವುದು ಲೇಸು.

ಗಮನಿಸಬೇಕಾದ ಕೆಲವು ಅಂಶಗಳು

ಏರಿನಲ್ಲಿ ನಿಂತಾಗ ಹ್ಯಾಂಡ್ ಬ್ರೇಕ್ ಬಳಸಿ. ಹಾಫ್ ಕ್ಲಚ್ ಹೊರಡಲಿಕ್ಕೆ ಮಾತ್ರ ಇರಲಿ, ನಿಲ್ಲಲಿಕ್ಕೆ ಬೇಡ. ಓಡಿಸುವಾಗ ಎಡಗಾಲನ್ನು ಪೆಡಲ್ ಮೇಲೆ ಇಟ್ಟುಕೊಂಡಿರುವ ಅಭ್ಯಾಸವಿದ್ದರೆ ಬಿಡಿ. ಅಷ್ಟು ಒತ್ತಡವೇ ರಿಲೀಸ್ ಬೇರಿಂಗ್ ಸವೆಯಲು ಸಾಕು.

ಮೇಲಿನ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ನಿನ ಸದ್ದು ಏರಿ, ಕಾರಿನ ವೇಗ ಮಾತ್ರ ಏರದಿದ್ದರೆ ಕ್ಲಚ್ ಜಾರುತ್ತಿದೆ ಎಂದರ್ಥ. ಇದನ್ನು ಮುಂದೂಡಬಾರದು. ಜಾರುವ ಪ್ಲೇಟ್ ತಾನು ಸವೆಯುವುದರ ಜೊತೆಗೆ ಫ್ಲೈವ್ಹೀಲನ್ನೂ ಕೆಡಿಸುತ್ತದೆ. ಗೇರ್‌ಬಾಕ್ಸ್ ಇಳಿಸುವ ಕೂಲಿಯೇ ದೊಡ್ಡ ಖರ್ಚಾದ್ದರಿಂದ ಪ್ಲೇಟ್, ಪ್ರೆಷರ್ ಪ್ಲೇಟ್ ಮತ್ತು ರಿಲೀಸ್ ಬೇರಿಂಗ್ ಮೂರನ್ನೂ ಒಮ್ಮೆಗೇ ಬದಲಿಸುವುದು ಜಾಣತನ. ಎಂಜಿನ್ನಿನ ಹಿಂಬದಿಯ ಆಯಿಲ್ ಸೀಲ್ ಸೋರುತ್ತಿದೆಯೆ ಎಂಬುದನ್ನೂ ಆಗಲೇ ನೋಡಬೇಕು. ಇಲ್ಲವಾದರೆ ಹೊಸ ಪ್ಲೇಟಿಗೂ ಎಣ್ಣೆ ತಗುಲಿ ಅದೇ ಗತಿಯಾಗುತ್ತದೆ.

ಬೈಕಿನವರಿಗೆ ಒಂದು ಎಚ್ಚರಿಕೆ. ಕಾರಿನ ಎಂಜಿನ್ ಆಯಿಲ್‌ಗಳಲ್ಲಿ ಅನೇಕವು ಘರ್ಷಣೆ ತಗ್ಗಿಸುವ ರಾಸಾಯನಿಕಗಳನ್ನು ಹೊಂದಿರುತ್ತವೆ. ಅದನ್ನು ಬೈಕಿಗೆ ಹಾಕಿದರೆ ಎಣ್ಣೆಯ ಕ್ಲಚ್ ಜಾರತೊಡಗಬಹುದು. ಡಬ್ಬಿಯ ಮೇಲೆ ಜಾಸೊ ಎಂಎ ಎಂಬ ಗುರುತು ಇದೆಯೆ ಎಂದು ನೋಡಿಕೊಳ್ಳಿ.

ಗ್ಯಾರೇಜಿನಲ್ಲಿ ದುಡಿಯುವವರಿಗೆ ಸಂಬಂಧಿಸಿದ ಮಾತು ಇನ್ನೂ ಮುಖ್ಯವಾದುದು. ಹಳೆಯ ಕ್ಲಚ್ ಲೈನಿಂಗ್‌ಗಳಲ್ಲಿ ಕಲ್ನಾರು ಬಳಕೆಯಾಗುತ್ತಿತ್ತು. ಅದರ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುತ್ತದೆ. ಕ್ಲಚ್ ಕವಚದೊಳಗಿನ ಧೂಳನ್ನು ಗಾಳಿಯ ಪೈಪಿನಿಂದ ಊದದೆ, ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು.

ಕೊನೆಯದಾಗಿ, ಸಾಮಾನ್ಯ ಕಾರಿಗೆ ರೇಸಿನ ಮಾದರಿಯ ಎರಡು ಪ್ಲೇಟ್‌ಗಳ ಕ್ಲಚ್ ಹಾಕಿಸಬೇಕೆ ಎಂದು ಕೇಳುವ ಯುವಕರಿಗೆ ಉತ್ತರ. ಎಂಜಿನ್ನಿನ ಟಾರ್ಕ್ ಹೆಚ್ಚಿಸಿರದಿದ್ದರೆ ಅದರ ಅಗತ್ಯವಿಲ್ಲ. ಅದಕ್ಕೆ ತಕ್ಕ ಫ್ಲೈವ್ಹೀಲ್ ಬೇಕು. ನಯವಾಗಿ ಹಿಡಿಯುವ ಗುಣ ಕಡಿಮೆಯಾಗಿ, ಹೊರಡುವಾಗ ಕಾರು ಜಗ್ಗುತ್ತದೆ. ಜಾರದ ಕ್ಲಚ್ ಹೊಡೆತವನ್ನೆಲ್ಲ ಗೇರ್‌ಬಾಕ್ಸಿಗೆ ದಾಟಿಸುತ್ತದೆ. ಆ ಹಣವನ್ನು ಉಳಿಸಿ, ಕಾರ್ಖಾನೆಯಿಂದ ಬಂದ ಒಂದು ಪ್ಲೇಟನ್ನೇ ಬಿಸಿಯಾಗದಂತೆ ನೋಡಿಕೊಂಡರೆ ಅದು ವರ್ಷಗಟ್ಟಲೆ ಬಾಳಿಕೆ ಬರುತ್ತದೆ.